ಆಯಾ ಕುಳಿತ ಕುರ್ಚಿ

ಸಿಡ್ನಿ, ವಿಮಾನ ನಿಲ್ದಾಣ

ಸಿಡ್ನಿಯಲ್ಲಿ ಇಳಿದ ಮೇಲೆ ನನ್ನನ್ನು ಮೊದಲು ವಿಚಾರಿಸಿಕೊಂಡದ್ದು ಒಂದು ನಾಯಿ. ಜೋಲು ಕಿವಿಯ ಪುಟ್ಟ ನಾಯಿ, ಬೆನ್ನಿಗೆ ಸರ್ಕಾರಿ ಅಂಗಿ. ನನ್ನ ಕೈಚೀಲವನ್ನು ಒಮ್ಮೆ ಮೂಸಿ ಅದರ ಪಕ್ಕದಲ್ಲೇ ಕುಳಿತುಬಿಟ್ಟಿತು. ಅದು ಹಾಗೆ ಕುಳಿತರೆ ಚೀಲ ಬಿಚ್ಚಲೇಬೇಕಂತೆ. ತಮ್ಮನ ಹೆಂಡತಿ ಶೈಲಾ ಆಸೆಪಟ್ಟು ಕೇಳಿದ್ದಳೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕರಿಬೇವು ಹೊರಬಂತು. ಅಧಿಕಾರಿ ಅದನ್ನು ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ ಕಸದ ಡಬ್ಬಿಗೆ ಹಾಕಿದ. ಅದರ ಕೆಳಗೆ ಅವನಿಗೆ ಸಿಕ್ಕಿದ್ದು ನನ್ನ ಭೂತಗನ್ನಡಿ ಮತ್ತು ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಹಳೆಯ ಫೋಟೋಗಳ ಪ್ರತಿಗಳು.

"ಯಾತಕ್ಕೆ ಬಂದಿದ್ದೀರಿ?" ಎಂದು ಕೇಳಿದ.

"ಒಂದು ಫೋಟೋ ಆಲ್ಬಮ್ ನೋಡಲು."

"ಇಷ್ಟು ದೂರ? ಯಾರದು ಆಲ್ಬಮ್?"

"ನನಗೆ ಪರಿಚಯವೇ ಇಲ್ಲದ ಒಬ್ಬ ಹೆಂಗಸಿನದು."

ಅವನು ನಾಯಿಯ ಮುಖ ನೋಡಿದ. ನಾಯಿಗೆ ನನ್ನಲ್ಲಿ ಆಸಕ್ತಿ ಹೋಗಿತ್ತು. ಸರಿ ಹೋಗಿ ಎಂದ.

ಹೊರಗೆ ಕಾಯುತ್ತಿದ್ದ ತಮ್ಮ ರಘುವಿಗೆ ಈ ಸಂಗತಿಯನ್ನು ನಗುತ್ತಾ ಹೇಳಿದರೆ ಅವನು ನಗಲಿಲ್ಲ. "ತಮ್ಮನ ಮನೆಗೆ ಬಂದಿದೀನಿ ಅನ್ನೋಕೇನಾಗಿತ್ತು ಅಕ್ಕ? ಆಲ್ಬಮ್ಮು ಗಿಲ್ಬಮ್ಮು ಅಂದ್ರೆ ಅವರಿಗೇನು ಅರ್ಥ ಆಗತ್ತೆ?" ಎಂದ. ನಾನು ಆಗಲೇ ಅರ್ಥಮಾಡಿಕೊಳ್ಳಬೇಕಿತ್ತು. ನಾನು ಈ ದೇಶಕ್ಕೆ ಯಾತಕ್ಕೆ ಬಂದಿದ್ದೇನೆ ಎಂಬ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆ ಬೇರೆ ಇತ್ತು.

ಪ್ಯಾರಮಟ್ಟಾ

ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು. ಐವತ್ತು ಹತ್ತಿರವಾಗಿದೆ, ಮದುವೆ ಆಗಿಲ್ಲ, ಹಳೆಯ ಫೋಟೋ ಆಲ್ಬಮ್‌ಗಳ ಹುಚ್ಚು. ನಮ್ಮ ವಿಭಾಗದ ಗಂಡಸರು ಸುಲ್ತಾನರ ಯುದ್ಧಗಳ ಮೇಲೆ ಬರೆಯುವಾಗ ನಾನು ದಂಡಿನಲ್ಲಿದ್ದ ಬ್ರಿಟಿಷ್ ಹೆಂಗಸರ ಆಲ್ಬಮ್‌ಗಳ ಮೇಲೆ ಬರೆದೆ. ಸ್ಟಾಫ್ ರೂಮಿನಲ್ಲಿ ಅದಕ್ಕೆ "ಗಿರಿಜಾ ಮೇಡಮ್ಮನ ಕತ್ತರಿ ಸಂಶೋಧನೆ" ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ. ಆ ಕತ್ತರಿಯ ಕಥೆ ಇಷ್ಟು: ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಫೋಟೋ ಅಗ್ಗವಾಯಿತು. ಇಸ್ಪೀಟು ಎಲೆಯಷ್ಟು ಗಾತ್ರದ ರಟ್ಟಿನ ಮೇಲೆ ತಮ್ಮ ಫೋಟೋ ಅಂಟಿಸಿಕೊಂಡು ಜನ ಒಬ್ಬರಿಗೊಬ್ಬರು ಹಂಚಿದರು. ದೊಡ್ಡ ಮನೆಯ ಹೆಂಗಸರ ಕೈಗೆ ಅವು ರಾಶಿ ರಾಶಿ ಬಂದು ಬಿದ್ದವು. ಅವರು ಕಸೂತಿಯ ಕತ್ತರಿ ತೆಗೆದುಕೊಂಡು ಮುಖಗಳನ್ನು ಕತ್ತರಿಸಿದರು. ಬಣ್ಣದಲ್ಲಿ ಒಂದು ಬಾತುಕೋಳಿ ಬರೆದು ಅದರ ಕತ್ತಿಗೆ ಒಬ್ಬ ಜಡ್ಜನ ತಲೆ ಅಂಟಿಸಿದರು. ಜೇಡರಬಲೆ ಬರೆದು ನಡುವೆ ತಾವು ಕುಳಿತು ಸುತ್ತ ಗಂಡಸರ ಮುಖಗಳನ್ನು ಸಿಕ್ಕಿಸಿದರು.

ಇದು ಬರೀ ಹೊತ್ತು ಹೋಗದವರ ಆಟ ಅಂತ ಹೇಳಿದವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಆ ಕಾಲದ ಔತಣದಲ್ಲಿ ಯಾರು ಯಾರ ತೋಳು ಹಿಡಿದು ಊಟದ ಕೋಣೆಗೆ ಹೋಗಬೇಕು, ಯಾರು ಯಾರ ಪಕ್ಕ ಕೂರಬೇಕು ಎಂಬುದೆಲ್ಲ ಗಂಡನ ಹುದ್ದೆಯ ಮೇಲೆ ತೀರ್ಮಾನವಾಗುತ್ತಿತ್ತು. ಮೇಜರನ ಹೆಂಡತಿ ಕರ್ನಲ್ಲನ ಹೆಂಡತಿಯ ಹಿಂದೆ. ಆಲ್ಬಮ್ಮಿನ ಹಾಳೆಯಲ್ಲಿ ಮಾತ್ರ ಆ ಮೇಜರನ ಹೆಂಡತಿಯೇ ಯಜಮಾನಿ. ಯಾರನ್ನು ಎಲ್ಲಿ ಕೂರಿಸಬೇಕೆಂದು ಹೇಳುವವಳು ಅವಳೇ.

ಹಿಂದಿನ ವರ್ಷ ಮೆಲ್ಬರ್ನಿನಿಂದ ಮಾರ್ಗರೆಟ್ ಎಂಬುವರು ನನ್ನನ್ನು ಹುಡುಕಿ ಬರೆದಿದ್ದರು. ಅಲ್ಲಿನ ಒಂದು ಸಬರ್ಬಿನ ಸಣ್ಣ ಚರಿತ್ರೆ ಸಂಘ ಹೆಂಗಸರ ಆಲ್ಬಮ್‌ಗಳ ಪ್ರದರ್ಶನ ಮಾಡುತ್ತಿದೆ, ಒಂದು ಆಲ್ಬಮ್ ಮಾಡಿದ ಎಮಿಲಿ ಎಂಬಾಕೆ ಬೆಂಗಳೂರು ದಂಡಿನಲ್ಲಿದ್ದು ಆಮೇಲೆ ಗಂಡನ ಜೊತೆ ಇಲ್ಲಿಗೆ ಬಂದವಳು, ಬಂದು ನೋಡಿ ನಾಲ್ಕು ಮಾತಾಡುತ್ತೀರಾ ಎಂದು. ನಾನು ರಜೆ ಹಾಕಿದೆ. ರಘು ಹೇಗೂ ಕರೆಯುತ್ತಲೇ ಇದ್ದ. ಅವನದು ಇಂಜಿನಿಯರ್ ಕೆಲಸ, ಸಿಡ್ನಿಯ ಅಂಚಿನ ಪ್ಯಾರಮಟ್ಟಾದಲ್ಲಿ ಫ್ಲ್ಯಾಟು. ಶೈಲಾ ಹೆರಿಗೆ ರಜೆ ಮುಗಿಸಿ ಮತ್ತೆ ಲ್ಯಾಬಿಗೆ ಹೋಗಲು ಶುರುಮಾಡಿದ್ದಳು. ಮಗು ಪೃಥ್ವಿ ಇನ್ನೇನು ವರ್ಷ ತುಂಬುವವನು.

ಬಂದ ವಾರವೇ ರಘುವಿನ ಸ್ನೇಹಿತರು ಊಟಕ್ಕೆ ಬಂದರು. ಎಲ್ಲರೂ ಬೆಂಗಳೂರು, ಮೈಸೂರಿನವರು. ಮಾತೆಲ್ಲ ಮಾರ್ಟ್‌ಗೇಜು, ಇಲ್ಲೇ ನೆಲೆಸುವ ಪಿಆರ್ ಮೇಲೆ. ಒಬ್ಬರು ನನ್ನ ಕಡೆ ತಿರುಗಿ, "ಆಂಟಿ ವಿಸಿಟ್‌ಗೆ ಬಂದಿದಾರಾ?" ಎಂದು ರಘುವನ್ನು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ, ಕಿವಿಯೂ ಕೇಳಿಸುತ್ತದೆ.

"ನಮ್ಮಕ್ಕ. ಮಗು ನೋಡ್ಕೊಳ್ಳೋಕೆ ಬಂದಿದಾರೆ," ಎಂದ ರಘು. "ಚೈಲ್ಡ್ ಕೇರ್ ವೇಟಿಂಗ್ ಲಿಸ್ಟ್ ನೋಡಿದೀರಲ್ಲ!"

"ಯೂ ಆರ್ ಲಕ್ಕಿ," ಎಂದರು ಅವರು.

"ಇಲ್ಲ, ನಾನು ಮೆಲ್ಬರ್ನಿನಲ್ಲಿ ಭಾಷಣ ಮಾಡೋಕೆ ಬಂದಿದೀನಿ," ಎಂದೆ ನಾನು, ಪಲ್ಯ ಬಡಿಸುತ್ತಾ. "ಮಗು ನೋಡ್ಕೊಳ್ತಿರೋದು ಪ್ರೀತಿಗೆ."

ಯಾರೋ ಪಲ್ಯ ಚೆನ್ನಾಗಿದೆ ಎಂದರು.

ಅದಾದ ಮೇಲೆ ಗೊತ್ತಾದದ್ದು, ರಘು ಮಗುವಿನ ಹುಟ್ಟುಹಬ್ಬಕ್ಕೆ ಹಾಲ್ ಬುಕ್ ಮಾಡಿರುವುದು ನನ್ನ ಮೆಲ್ಬರ್ನಿನ ಭಾಷಣದ ಶನಿವಾರಕ್ಕೇ ಎಂದು. ದಿನಾಂಕ ಅವನಿಗೆ ಗೊತ್ತಿತ್ತು. ಮರೆತಿರಲಿಲ್ಲ. ಅದು ಲೆಕ್ಕಕ್ಕೆ ಬರುವಂಥದ್ದು ಅಂತ ಅವನಿಗೆ ಅನಿಸಿರಲಿಲ್ಲ, ಅಷ್ಟೆ.

ಲಿವರ್‌ಪೂಲ್, ದಾರಿ ತಪ್ಪಿ

ಒಂದು ದಿನ ಶೈಲಾಗೆ ರಜೆಯಿತ್ತು. ನಾನು ನಗರದ ಗ್ರಂಥಾಲಯಕ್ಕೆ ಹೋಗಿ ಸಿಡ್ನಿಯ ಹೆಂಗಸರು ಮಾಡಿದ ಆಲ್ಬಮ್‌ಗಳನ್ನು ನೋಡಿದೆ. ಕೈಗೆ ಬಿಳಿ ಗ್ಲೌಸು ಕೊಟ್ಟರು, ಕೂರಲು ಒಳ್ಳೆಯ ಬೆಳಕಿನ ಮೇಜು ಕೊಟ್ಟರು, ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ಹಳೆಯ ಪುಸ್ತಕ ನೋಡಬೇಕಾದರೆ ಅಟೆಂಡರ್‌ನಿಂದ ಹಿಡಿದು ಎಲ್ಲರಿಗೂ ನಮ್ಮ ಯೋಗ್ಯತೆಯನ್ನು ಸಾಬೀತು ಮಾಡಿ ಬರಬೇಕು. ಒಂದು ಹಾಳೆಯಲ್ಲಿ ಕುರಿಮಂದೆಯ ಯಜಮಾನನೊಬ್ಬನ ಮುಖ ಕುರಿಯ ಮೈಮೇಲಿತ್ತು. ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನ ಮುದುಕ ತನ್ನ ಕನ್ನಡಕ ತೆಗೆದು ನನ್ನನ್ನು ನೋಡಿ, ಮತ್ತೆ ಹಾಕಿಕೊಂಡ.

ಆ ಕುರಿಯನ್ನೇ ನೆನೆದುಕೊಂಡು ಬಂದವಳು ಸ್ಟೇಷನ್ನಿನಲ್ಲಿ ಸಿಕ್ಕ ರೈಲು ಹತ್ತಿದೆ. ಸಿಡ್ನಿಯ ರೈಲುಗಳಿಗೆ ಎರಡು ಅಂತಸ್ತು. ಮೇಲಿನ ಅಂತಸ್ತಿಗೆ ಹೋಗಿ ಕಿಟಕಿ ಹಿಡಿದು ಕುಳಿತೆ. ಊರು ಮುಗಿದಂತಾಗಿ ಮತ್ತೆ ಶುರುವಾಯಿತು, ಬೋರ್ಡುಗಳು ಓದಲು ಬಾರದ ಲಿಪಿಗಳಿಗೆ ತಿರುಗಿದವು, ಪ್ಯಾರಮಟ್ಟಾ ಬರಲೇ ಇಲ್ಲ. ಕೊನೆಗೆ ಇಳಿದು ನೋಡಿದರೆ ಲಿವರ್‌ಪೂಲ್. ಇಂಗ್ಲೆಂಡಿಗೇ ಬಂದುಬಿಟ್ಟೆನೇನೋ ಎಂದು ಒಂದು ಕ್ಷಣ ತಬ್ಬಿಬ್ಬಾದೆ.

ಬೆಂಚಿನ ಮೇಲೆ ತಲೆಗೆ ಸ್ಕಾರ್ಫ್ ಕಟ್ಟಿದ ಒಬ್ಬ ಅಜ್ಜಿ ಕಿತ್ತಳೆ ಸುಲಿಯುತ್ತಿದ್ದಳು. ಅವಳಿಗೆ ಇಂಗ್ಲಿಷು ಬಾರದು, ನನಗೆ ಅವಳ ಭಾಷೆ ಬಾರದು. "ಪ್ಯಾರಮಟ್ಟಾ" ಎಂದೆ. ಅವಳು ಕೈಯಲ್ಲಿದ್ದ ಸಿಪ್ಪೆಯಿಂದಲೇ ಆಚೆಯ ಪ್ಲ್ಯಾಟ್‌ಫಾರಂ ತೋರಿಸಿ, ಹೋಗುವ ಮುಂಚೆ ಕೂರು ಎಂದು ಬೆಂಚು ತಟ್ಟಿ, ಅರ್ಧ ಹಣ್ಣು ಕೊಟ್ಟಳು. ತಿಂದು ಮುಗಿಸಿಯೇ ಎದ್ದೆ. ರೈಲು ಒಂದು ಹೋಯಿತು. ಹೋಗಲಿ ಬಿಡಿ.

ಮನೆಗೆ ಬಂದಾಗ ರಘು ಬಾಗಿಲಲ್ಲೇ ನಿಂತಿದ್ದ. "ನೋಡಕ್ಕ, ಸಿಟಿಯಿಂದ ಇಲ್ಲಿಗೆ ಬರೋಕೇ ನಿನಗಾಗ್ಲಿಲ್ಲ. ಒಬ್ಬಳೇ ಮೆಲ್ಬರ್ನಿಗೆ ಹೆಂಗೆ ಹೋಗ್ತೀಯ? ಫೋನ್ ಮಾಡಿ ಕ್ಯಾನ್ಸಲ್ ಮಾಡು. ಯಾವುದೋ ಅಜ್ಜಿಯರ ಕ್ಲಬ್ಬು, ಅವರೇನೂ ಅಂದ್ಕೊಳ್ಳಲ್ಲ."

"ದಾರಿ ತಪ್ಪಿದೆ. ವಾಪಸ್ ಬಂದೆ. ಇದರಲ್ಲಿ ನನಗೆ ಆಗ್ಲಿಲ್ಲ ಅನ್ನೋದು ಯಾವುದು?"

"ಅಕ್ಕ, ಮಗು ಫಸ್ಟ್ ಬರ್ತ್‌ಡೇ!"

"ಗೊತ್ತು. ಅವನು ಹುಟ್ಟಿದ ತಾರೀಕು ಬುಧವಾರ ಬೀಳತ್ತೆ. ಶನಿವಾರ ಆರಿಸಿದ್ದು ನೀನು."

ಅವನು ಟಿವಿ ಹಾಕಿದ. ನಾನು ಅಡುಗೆಮನೆಗೆ ಹೋದೆ. ಶೈಲಾ ಸೊಪ್ಪು ಹೆಚ್ಚುತ್ತಿದ್ದಳು. ತಲೆ ಎತ್ತದೆಯೇ, "ನಿಮ್ಮನ್ನ ಸ್ಟೇಷನ್‌ಗೆ ನಾನೇ ಡ್ರಾಪ್ ಮಾಡ್ತೀನಿ ಅಕ್ಕ," ಎಂದಳು. "ಈ ಮನೇಲಿ 'ಇಲ್ಲ' ಅಂತ ಹೇಳೋದು ಹೆಂಗೆ ಅಂತ ನಾನೂ ಸ್ವಲ್ಪ ನೋಡ್ಬೇಕಿತ್ತು."

ಹಗಲು ರೈಲು

ಶೈಲಾ ಹೇಳಿದಂತೆ ಬಿಟ್ಟುಹೋದಳು, ಜೊತೆಗೆ ಚಿತ್ರಾನ್ನದ ಡಬ್ಬಿ ಕೊಟ್ಟು.

ಮೈಸೂರಿನಿಂದ ಹೊರಟ ರೈಲು ಮಂಡ್ಯ ತಲುಪುವುದರೊಳಗೆ ಎದುರು ಸೀಟಿನವರಿಗೆ ನನ್ನ ಸಂಬಳ ಗೊತ್ತಾಗಿರುತ್ತದೆ. ಮದ್ದೂರಿನಲ್ಲಿ ವಡೆ ಬರುವ ಹೊತ್ತಿಗೆ ಮದುವೆ ಯಾಕಾಗಲಿಲ್ಲ ಎಂಬ ಪ್ರಶ್ನೆ ಬಂದಿರುತ್ತದೆ. ಇಲ್ಲಿ ನನ್ನ ಪಕ್ಕ ಕುಳಿತ ಹೆಂಗಸು ಬೆಳಗ್ಗೆ "ಹಲೋ" ಎಂದಳು, ಹೆಣಿಗೆ ಹೆಣೆದಳು, ಕುರಿಗಳೂ ಒಣ ಹುಲ್ಲೂ ಕಿಟಕಿಯಲ್ಲಿ ಹಿಂದೆ ಸರಿದವು, ಅವಳ ಕೈಯಲ್ಲಿ ಸ್ವೆಟರಿನ ಒಂದು ತೋಳು ತಯಾರಾಯಿತು, ಒಂದು ಪ್ರಶ್ನೆಯೂ ಇಲ್ಲ. ಮೊದಲು ಹಾಯೆನಿಸಿತು. ಮಧ್ಯಾಹ್ನದ ಹೊತ್ತಿಗೆ, ಅಯ್ಯೋ ಏನಾದರೂ ಕೇಳಮ್ಮ ಎನ್ನುವಂತಾಯಿತು. ಡಬ್ಬಿ ತೆರೆದಾಗ ಒಗ್ಗರಣೆಯ ವಾಸನೆ ಬೋಗಿಯನ್ನೆಲ್ಲ ತುಂಬಿತು. ಆಗ ಅವಳು ಕೇಳಿದಳು: "ನೀವೇ ಮಾಡಿದ್ದಾ?"

"ನನ್ನ ತಮ್ಮನ ಹೆಂಡತಿ. ಗಂಡನ ಮಾತು ಮೀರಿ ಮಾಡಿದ್ದು."

"ಹಾಗಾದರೆ ರುಚಿ ನೋಡಲೇಬೇಕು," ಎಂದು ಅಂಗೈ ಚಾಚಿದಳು. ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತುಂಬಿಕೊಂಡರೂ ಕೊನೆಯ ಅಗುಳಿನವರೆಗೆ ತಿಂದಳು.

ಗ್ಲೆನ್ ವೇವರ್ಲಿ

ಮೆಲ್ಬರ್ನಿನಲ್ಲಿ ನಾನು ಉಳಿದದ್ದು ಗ್ಲೆನ್ ವೇವರ್ಲಿಯ ಸರೋಜಕ್ಕನ ಮನೆಯಲ್ಲಿ. ಶೈಲಾಳ ಸ್ನೇಹಿತೆಯ ತಾಯಿ, ಉಡುಪಿ ಕಡೆಯವರು, ಮನೆಯಲ್ಲಿ ತುಳು. ಗಂಡ ತೀರಿಕೊಂಡ ಮೇಲೆ ಇಲ್ಲಿನ ಆಸ್ಪತ್ರೆಯೊಂದರ ಕ್ಯಾಂಟೀನಿನಲ್ಲಿ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಲೋಕಲ್ ರೈಲಿನ ಕೊನೆಯ ಸ್ಟೇಷನ್ ಅದೇ, ಹಾಗಾಗಿ ದಾರಿ ತಪ್ಪುವ ಭಯವಿರಲಿಲ್ಲ. ಅದನ್ನೂ ದಾಟಿ ಹೋಗಲು ಹಳಿಯೇ ಇಲ್ಲ.

"ನೀವು ಎಂತ ಭಾಷಣ ಮಾಡ್ಲಿಕ್ಕೆ ಬಂದದ್ದು?" ಎಂದು ಕೇಳಿದರು. ನಾನು ಹೇಳಿದೆ, ಹೆಂಗಸರು ಗಂಡಸರ ತಲೆ ಕತ್ತರಿಸಿ ಅಂಟಿಸುತ್ತಿದ್ದರು ಎಂದು.

"ಒಳ್ಳೇದೇ ಮಾರಾಯ್ರೆ! ನಾನೂ ಬರ್ತೇನೆ."

ರಘುವಿನ ಫೋನ್ ಬಂತು. ಕ್ಷೇಮ ವಿಚಾರಿಸಿ, ಗಂಟಲು ಸರಿಮಾಡಿಕೊಂಡು, "ಪಾರ್ಟಿ ಮುಂದಿನ ವಾರಕ್ಕೆ ಹಾಕಿದೀವಿ," ಎಂದ. "ನೀನಿಲ್ದೆ ಮಾಡೋದು ಬೇಡ ಅಂತ ಶೈಲಾ ಹಟ ಹಿಡಿದ್ಲು."

"ನಾನಿಲ್ಲದೆಯೋ, ನನ್ನ ಅಡುಗೆ ಇಲ್ಲದೆಯೋ?"

ಆ ಕಡೆಯಿಂದ ನಗು ಕೇಳಿತು. "ಎರಡೂ ಅಂದ್ಕೋ," ಎಂದ. ಅಷ್ಟು ಪ್ರಾಮಾಣಿಕತೆ ಸಾಕು ಎಂದು ನಾನೂ ನಕ್ಕೆ. ಆದರೂ, "ಅಡುಗೆ ಹೊರಗಿಂದ ತರಿಸು" ಎಂದು ಹೇಳಿಯೇ ಫೋನ್ ಇಟ್ಟೆ.

ಸಂಘದ ಹಾಲ್, ಮೊದಲ ದಿನ

ಮಾರ್ಗರೆಟ್ ನಿವೃತ್ತ ಶಾಲಾ ಶಿಕ್ಷಕಿ. ಎತ್ತರದ ಹೆಂಗಸು, ಮಾತು ಚುರುಕು, ನಡಿಗೆ ಅದಕ್ಕಿಂತ ಚುರುಕು. ಹಾಲ್ ತಲುಪಿದ ಕೂಡಲೇ ನನ್ನನ್ನು ಕೂರಿಸಿ ಎಮಿಲಿಯ ಆಲ್ಬಮ್ ಮುಂದಿಟ್ಟರು. ಹಸಿರು ತೊಗಲಿನ ಹೊದಿಕೆ, ಅಂಚು ಸವೆದು ನಾರು ಎದ್ದಿತ್ತು. ಜೇಡರಬಲೆಯಲ್ಲಿ ಸಿಕ್ಕ ಮುಖಗಳು, ಬೀಸಣಿಗೆಯ ಮಡಿಕೆಗಳಲ್ಲಿ ಮುಖಗಳು, ಇಸ್ಪೀಟಿನ ರಾಜರಾಣಿಯರ ಮುಖಗಳು. ಎಲ್ಲ ಚೆಂದವೇ, ಎಲ್ಲ ನಾನು ಬೇರೆ ಕಡೆ ಕಂಡದ್ದೇ. ಆಮೇಲೆ ಆ ಹಾಳೆ ಬಂತು.

ದಂಡಿನ ಬಂಗಲೆಯ ಊಟದ ಕೋಣೆ. ಮೇಲೆ ತೂಗುವ ಪಂಖ, ಕಿಟಕಿಯಾಚೆ ಗುಲ್‌ಮೊಹರ್. ಉದ್ದನೆಯ ಮೇಜಿನ ಇಕ್ಕೆಲಗಳಲ್ಲಿ ಅಧಿಕಾರಿಗಳು, ಅವರ ಹೆಂಡತಿಯರು. ಕರ್ನಲ್ಲನನ್ನು ಮಾತ್ರ ಕುರ್ಚಿಯಲ್ಲಿ ಕೂರಿಸಿರಲಿಲ್ಲ, ಅವನ ಮುಖ ಕಿಟಕಿಯ ಪಂಜರದ ಗಿಣಿಗಿತ್ತು. ಎಮಿಲಿಯ ಗಂಡ ಮೇಜಿನ ನಡುವಿನ ಟೀ ಪಾತ್ರೆಯ ಮುಚ್ಚಳವಾಗಿದ್ದ. ಮೇಜಿನ ತುದಿಯಲ್ಲಿ, ಮನೆಯ ಯಜಮಾನ ಕೂರುವ ಎತ್ತರದ ಕುರ್ಚಿಯಲ್ಲಿ, ಸೆರಗು ತಲೆಯ ಮೇಲೆ ಹೊದ್ದ ಒಬ್ಬ ಹೆಂಗಸು. ಮೂಗಿನ ಎರಡೂ ಬದಿಗೆ ಬೊಟ್ಟು. ಕೆಳಗೆ ಎಲ್ಲರ ಹೆಸರೂ ಇತ್ತು, ಇವಳದಕ್ಕೆ "ಆಯಾ" ಎಂದಿಷ್ಟೇ.

ನಾನು ಭೂತಗನ್ನಡಿ ತೆಗೆದೆ. ಉಳಿದವರ ಕುತ್ತಿಗೆಯ ಸುತ್ತ ಕತ್ತರಿ ಸಲೀಸಾಗಿ ಓಡಿತ್ತು. ಇವಳ ಭುಜದ ಬಳಿ ಅದು ತಡವರಿಸಿತ್ತು. ಅಲ್ಲಿ, ಸೀರೆಯ ಮಡಿಕೆಯ ಮೇಲೆ, ಮಸುಕಾಗಿ ಏನೋ ಇತ್ತು. ಬೆಳಕಿಗೆ ಓರೆಮಾಡಿ ಹಿಡಿದಾಗ ತಿಳಿಯಿತು: ಒಂದು ಮಗುವಿನ ಬೆರಳುಗಳು.

ಮೂಲ ಫೋಟೋದಲ್ಲಿ ಆಯಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅಂಥ ಫೋಟೋಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಮಗುವಿಗೆ ಹೆಸರಿರುತ್ತದೆ, ಎತ್ತಿಕೊಂಡವಳು ಕುರ್ಚಿಯಂತೆ, ಕಂಬದಂತೆ. ಎಮಿಲಿ ಆ ಫೋಟೋದಿಂದ ತನ್ನ ಮಗುವನ್ನೇ ಕತ್ತರಿಸಿ ತೆಗೆದು ಆಯಾಳನ್ನು ಬರಿಗೈಯಲ್ಲಿ ಕೂರಿಸಿದ್ದಳು. ಭುಜ ಹಿಡಿದಿದ್ದ ಬೆರಳುಗಳನ್ನು ತೆಗೆಯಲು ಆಗಿರಲಿಲ್ಲ.

"ಇದು ಮೊದಲ ಗಾಜಿನ ಪೆಟ್ಟಿಗೆಯಲ್ಲಿರಬೇಕು," ಎಂದೆ.

ಮಾರ್ಗರೆಟ್ ಮುಖ ಸಣ್ಣದು ಮಾಡಿಕೊಂಡರು. "ಹೆರಾಲ್ಡ್ ಒಪ್ಪುವುದಿಲ್ಲ."

ಹೆರಾಲ್ಡ್ ಸಂಘದ ಅಧ್ಯಕ್ಷ, ಆಲ್ಬಮ್ ಅವರ ಮನೆಯದು. ಸಂಜೆಯ ಟೀಗೆ ಹೆಂಡತಿ ಡಾರತಿಯ ಜೊತೆ ಬಂದರು. ಸಭ್ಯ ಮನುಷ್ಯ, ನನಗೆ ಕುರ್ಚಿ ಎಳೆದುಕೊಟ್ಟರು, ಬಿಸ್ಕತ್ತು ಮುಂದಿಟ್ಟರು. ಆ ಹಾಳೆಯ ಮಾತು ಬಂದಾಗ ಮಾತ್ರ ಧ್ವನಿ ಗಟ್ಟಿಯಾಯಿತು.

"ಅದು ತಮಾಷೆಗೆ ಮಾಡಿದ್ದು. ಈಗಿನ ಜನ ಬೇರೆ ಅರ್ಥ ಹಚ್ಚುತ್ತಾರೆ. ನಮ್ಮವರು ಇಂಡಿಯಾದಲ್ಲಿ ಆಳುಗಳನ್ನು ಇಟ್ಟುಕೊಂಡಿದ್ದರು ಅಂತ ಪತ್ರಿಕೆಯವರು ಬರೆಯುತ್ತಾರೆ."

"ಇಟ್ಟುಕೊಂಡಿದ್ದರಲ್ಲವೇ?" ಎಂದೆ.

"ಬೇಕಾದರೆ 'ಮನೆಯ ಆಳಿನ ಜೊತೆ ಒಂದು ವಿನೋದ' ಅಂತ ಕೆಳಗೆ ಬರೆದು ಮೂಲೆಯಲ್ಲಿಡೋಣ."

"ಆಕೆಯನ್ನು ಮೇಜಿನ ತುದಿಗೆ ಕೂರಿಸಿದ್ದು ನಾನಲ್ಲ, ನಿಮ್ಮ ಮನೆಯವಳೇ," ಎಂದೆ. "ನೂರು ವರ್ಷದ ಮೇಲೆ ನೀವು ಎಬ್ಬಿಸಿ ಮೂಲೆಗೆ ಕಳಿಸುತ್ತಿದ್ದೀರಿ."

ಹೆರಾಲ್ಡ್ ಎದ್ದರು. ಆ ಹಾಳೆ ಬೇಡ, ಜೇಡರಬಲೆಯ ಹಾಳೆ ತೆರೆದಿಡಿ, ಭಾಷಣಕ್ಕೆ ಅದರ ಸ್ಲೈಡೂ ಬೇಡ ಎಂದು ಮಾರ್ಗರೆಟ್‌ಗೆ ಹೇಳಿದರು. ಡಾರತಿ ಅಷ್ಟು ಹೊತ್ತೂ ಟೀ ಬಗ್ಗಿಸುತ್ತಿದ್ದರು.

ಮಾರ್ಗರೆಟ್ ನನ್ನನ್ನು ಸ್ಟೇಷನ್ನಿಗೆ ಬಿಡುವಾಗ, "ಬೇರೆ ಹಾಳೆಗಳ ಮೇಲೆ ಮಾತಾಡಿಬಿಡಿ, ಪ್ಲೀಸ್," ಎಂದರು. "ಹಾಲ್ ಅವರದೇ ದೇಣಿಗೆ."

ನಾನು ಆಗಲಿ ಎನ್ನಲಿಲ್ಲ.

ಶನಿವಾರ

ಹಾಲ್ ತುಂಬಿತ್ತು. ಹೆಚ್ಚಿನವರು ತಲೆ ನೆರೆತ ಹೆಂಗಸರು. ಎಲ್ಲರೂ ಒಂದೊಂದು ತಟ್ಟೆ ತಿಂಡಿ ತಂದಿದ್ದರು. ಇಲ್ಲಿ ಸಮಾರಂಭಕ್ಕೆ ಕರೆದವರೇ, ಬರುವಾಗ ತಿಂಡಿ ತನ್ನಿ ಎಂದೂ ಹೇಳುತ್ತಾರೆ. ನಮ್ಮಲ್ಲಿ ಹಾಗೆ ಹೇಳಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಸರೋಜಕ್ಕ ರೇಷ್ಮೆ ಸೀರೆಯುಟ್ಟು, ಗೋಳಿಬಜೆ ಮಾಡಿಕೊಂಡು ಬಂದು ಮೊದಲ ಸಾಲಿನಲ್ಲಿ ಕುಳಿತಿದ್ದರು.

ಜೇಡರಬಲೆ ತೋರಿಸಿದೆ, ಬೀಸಣಿಗೆ ತೋರಿಸಿದೆ. ಔತಣದಲ್ಲಿ ಯಾರ ಹಿಂದೆ ಯಾರು ಎಂಬ ನಿಯಮ ಹೇಳಿದೆ. ಸ್ಲೈಡುಗಳು ಮುಗಿದವು, ದೀಪ ಹತ್ತಿತು. ಮಾರ್ಗರೆಟ್ ವಂದನೆ ಹೇಳಲು ಎದ್ದರು.

"ಇನ್ನೊಂದು ಹಾಳೆಯಿದೆ," ಎಂದೆ. "ಅದನ್ನು ನಿಮಗೆ ತೋರಿಸಲು ನನಗೆ ಅನುಮತಿಯಿಲ್ಲ. ಬರೆದು ತೋರಿಸಬಾರದು ಅಂತ ಯಾರೂ ಹೇಳಿಲ್ಲ."

ಮೂಲೆಯಲ್ಲಿದ್ದ ಬಿಳಿ ಬೋರ್ಡನ್ನು ಎಳೆದುಕೊಂಡೆ. ನನಗೆ ಚಿತ್ರ ಬರೆಯಲು ಬಾರದು. ಮೇಜು ಮಂಚದಂತಾಯಿತು, ಅಧಿಕಾರಿಗಳು ಮೊಟ್ಟೆಗಳಂತಾದರು, ಗಿಣಿ ಕೋಳಿಯಾಯಿತು. ಜನ ನಕ್ಕರು, ನಾನೂ ನಕ್ಕೆ. ಹೆರಾಲ್ಡ್ ಹಿಂದಿನ ಗೋಡೆಗೊರಗಿ, ಎದೆಯ ಮೇಲೆ ಕೈಕಟ್ಟಿ ನಿಂತಿದ್ದರು. ಮೇಜಿನ ತುದಿಗೆ ಎತ್ತರದ ಕುರ್ಚಿ ಬರೆದು, ಅದರಲ್ಲಿ ಇನ್ನೊಂದು ಮೊಟ್ಟೆ ಬರೆದು, ಮೂಗಿನ ಎರಡೂ ಬದಿಗೆ ಚುಕ್ಕಿ ಇಟ್ಟೆ. "ಈಕೆ ಆಯಾ," ಎಂದೆ. ನಗು ನಿಂತಿತು.

"ಎಮಿಲಿ ದೊಡ್ಡ ಮನಸ್ಸಿನವಳು ಅಂತ ನಾನು ಹೇಳುತ್ತಿಲ್ಲ. ಕೂರಿಸಿದ್ದು ಕಾಗದದ ಮೇಲೆ. ನಿಜವಾದ ಮೇಜಿಗೆ ಕೂರಿಸಿದ್ದಳೋ ಇಲ್ಲವೋ ಗೊತ್ತಿಲ್ಲ, ಇಲ್ಲ ಅಂತಲೇ ನನ್ನ ಅನುಮಾನ. ಹೆಸರು ಕೂಡ ಬರೆಯಲಿಲ್ಲ. ಆದರೆ ಆ ದಂಡಿನಲ್ಲಿ ಯಾರು ಯಾರನ್ನು ಹೊತ್ತು ನಿಂತಿದ್ದಾರೆ ಅನ್ನುವುದು ಅವಳಿಗೆ ತಿಳಿದಿತ್ತು. ತಿಳಿದದ್ದನ್ನು ಕತ್ತರಿಯಲ್ಲಿ ಹೇಳಿದಳು." ಆ ಮೊಟ್ಟೆಯ ಭುಜದ ಮೇಲೆ ಮೂರು ಸಣ್ಣ ಗೆರೆ ಎಳೆದೆ. "ಇವು ಮಗುವಿನ ಬೆರಳುಗಳು. ಎಷ್ಟು ಕತ್ತರಿಸಿದರೂ ಉಳಿದುಬಿಟ್ಟವು."

ಕುರ್ಚಿಯೊಂದು ಸರಿದ ಸದ್ದಾಯಿತು. ಡಾರತಿ ಎದ್ದಿದ್ದರು. ಗಾಜಿನ ಪೆಟ್ಟಿಗೆಯ ಬಳಿ ಹೋಗಿ, "ಮಾರ್ಗರೆಟ್, ಬೀಗ ತೆಗಿ," ಎಂದರು.

"ಡಾರತಿ, ಇದರ ಬಗ್ಗೆ ನಾವು ಮಾತಾಡಿ ಆಗಿದೆ," ಎಂದರು ಹೆರಾಲ್ಡ್ ಹಿಂದಿನಿಂದ.

"ನೀವು ಮಾತಾಡಿದಿರಿ. ಎಮಿಲಿ ನಿಮ್ಮ ಕಡೆಯವಳಲ್ಲ ಹೆರಾಲ್ಡ್, ನನ್ನ ಮುತ್ತಜ್ಜಿ. ಆಲ್ಬಮ್ ನನ್ನದು."

ಅಷ್ಟು ದಿನ ಎಲ್ಲರೂ, ನಾನೂ ಸೇರಿ, ಅದನ್ನು ಹೆರಾಲ್ಡರ ಆಲ್ಬಮ್ ಎಂದೇ ಕರೆಯುತ್ತಿದ್ದೆವು. ಮಾರ್ಗರೆಟ್ ಬೀಗ ತೆಗೆದರು. ಡಾರತಿ ತಾವೇ ಹಾಳೆ ತಿರುವಿದರು. ನಾನು ಭೂತಗನ್ನಡಿ ಕೊಟ್ಟೆ. ಅವರು ಬಾಗಿ ತುಂಬ ಹೊತ್ತು ನೋಡಿದರು.

"ಎಮಿಲಿಗೆ ಇದ್ದದ್ದು ಒಂದೇ ಮಗು," ಎಂದರು. "ಇದು ನನ್ನ ಅಜ್ಜಿಯ ಕೈ."

ಜನ ಎದ್ದು ಸಾಲಾಗಿ ನಿಂತರು. ಒಬ್ಬೊಬ್ಬರೇ ಬಾಗಿ ನೋಡಿ, ಭೂತಗನ್ನಡಿಯನ್ನು ಹಿಂದಿನವರಿಗೆ ದಾಟಿಸಿದರು. ಹೆರಾಲ್ಡ್ ಸಾಲಿಗೆ ಬರಲಿಲ್ಲ. ಹಾಲ್ ಬಿಟ್ಟು ಹೋಗಲೂ ಇಲ್ಲ. ಯಾರೋ ಕೈಗೆ ಕೊಟ್ಟ ಗೋಳಿಬಜೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು.

ಆಮೇಲೆ ಡಾರತಿ ನನ್ನನ್ನು ಪಕ್ಕಕ್ಕೆ ಕರೆದರು. "ಅಜ್ಜಿ ನಮ್ಮನ್ನು ಮಲಗಿಸುವಾಗ ಒಂದು ಮಾತು ಹೇಳುತ್ತಿದ್ದಳು. ಮುದುಕಿಯ ಅರ್ಥವಿಲ್ಲದ ಮಾತು ಅಂತ ಮನೆಯವರೆಲ್ಲ ನಗುತ್ತಿದ್ದರು. ನಿಮಗೇನಾದರೂ ಗೊತ್ತಾಗಬಹುದಾ?" ಎಂದು ಕೇಳಿ, ತುಸು ನಾಚಿಕೊಂಡು, ನನ್ನ ತೋಳು ಮೆಲ್ಲಗೆ ತಟ್ಟುತ್ತಾ ಅಂದರು: "ತಾಚಿ. ತಾಚಿ."

ಪಕ್ಕದಲ್ಲಿದ್ದ ಸರೋಜಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಅರ್ಥ ಇದೆ," ಎಂದೆ. "ಮಲಗು ಕಂದ ಅಂತ. ನನ್ನನ್ನೂ ಹಾಗೇ ಹೇಳಿ ಮಲಗಿಸಿದ್ದು."

ಆಯಾ ಕನ್ನಡದವಳೋ ತಮಿಳಿನವಳೋ ಎಂದು ಡಾರತಿ ಕೇಳಿದರು. ಗೊತ್ತಿಲ್ಲ ಎಂದೆ. ಆ ಮಾತು ಎರಡೂ ಮನೆಯ ತೊಟ್ಟಿಲಿನಲ್ಲಿದೆ. ದಂಡಿನಲ್ಲಿ ಎಲ್ಲ ಭಾಷೆಯವರೂ ಇದ್ದರು. ಊಹೆ ಮಾಡಿ ಅವಳಿಗೊಂದು ಹೆಸರು, ಒಂದು ಜಾತಿ, ಒಂದು ಊರು ಕೊಡಲು ನಾನು ಒಪ್ಪಲಿಲ್ಲ. ಅದು ಇನ್ನೊಂದು ಕತ್ತರಿಯಾಗುತ್ತದೆ.

ಮಾರ್ಗರೆಟ್ ಹೊಸ ರಟ್ಟಿನ ಚೀಟಿ ತಂದು ಪೆನ್ನು ಕೊಟ್ಟರು. ಇಂಗ್ಲಿಷಿನಲ್ಲಿ ಬರೆದೆ. ಅದರ ಕೆಳಗೆ ಕನ್ನಡದಲ್ಲೂ ಬರೆಯತೊಡಗಿದೆ.

ಹೆರಾಲ್ಡ್ ಹತ್ತಿರ ಬಂದಿದ್ದರು. ಈ ಸಲ ಧ್ವನಿಯಲ್ಲಿ ಗಡಸಿರಲಿಲ್ಲ, ನಿಜವಾಗಿ ಗೊತ್ತಾಗದೆ ಕೇಳಿದರು: "ಇದನ್ನು ಇಲ್ಲಿ ಯಾರು ಓದುತ್ತಾರೆ?"

ನಾನು ಉತ್ತರ ಕೊಡುವ ಮೊದಲೇ ಸರೋಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ಕನ್ನಡಕ ಏರಿಸಿಕೊಂಡು, ಮಸಿ ಇನ್ನೂ ಆರದ ಆ ಚೀಟಿಯನ್ನು ಹಾಲಿಗೆಲ್ಲ ಕೇಳುವ ಹಾಗೆ, ಒಂದೊಂದೇ ಪದ ಬಿಡಿಸಿ ಓದಿದರು:

"ಈಕೆಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಈ ಊಟದ ಮನೆಯಲ್ಲಿ ಮೊದಲ ಎಲೆ ಈಕೆಯದು."